ಮೈಲುತುತ್ತದ ತೊಟ್ಟಿ

ಡುನೆಡಿನ್, ಮಂಗಳವಾರ

ಅಪ್ಪಾ,

ನೀನು ಫೋನು ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ನರ್ಸ್ ಲವೀನಿಯಾ ನಿನ್ನೆ ಎಲ್ಲ ಹೇಳಿದರು. ಗೊರಸು ಕೊಳೆತ ಕುರಿಗಳನ್ನು ನಿಲ್ಲಿಸುವ ಮೈಲುತುತ್ತದ ನೀರಿನಲ್ಲಿ, ಸಕ್ಕರೆ ಕಾಯಿಲೆಯ ಹುಣ್ಣಿರುವ ಕಾಲನ್ನು ನಾಲ್ಕು ದಿನ ಅದ್ದಿಕೊಂಡು ಕೂತಿದ್ದೆಯಂತೆ. ಈಗ ಹೆಬ್ಬೆರಳು ಕಪ್ಪಾಗಿದೆಯಂತೆ. ಕೇಳಿದರೆ, "ಮಗಳ ಲ್ಯಾಬಿನಲ್ಲೂ ಇದೇ ನೀಲಿ, ಇದೇ ತಾಮ್ರ. ಅವಳು ಸೀಸೇಲಿ ಇಟ್ಟಿದಾಳೆ, ನಾನು ತೊಟ್ಟೀಲಿ ಇಟ್ಟಿದೀನಿ, ಅಷ್ಟೇ" ಅಂದೆಯಂತೆ.

ಅದು ಇದಲ್ಲ ಅಪ್ಪಾ. ಗಾಯ ಮಾಯಿಸೀತೇ ಅಂತ ನಾವು ಪರೀಕ್ಷಿಸುತ್ತಿರುವುದು ಪೆಪ್ಟೈಡ್, ತಾಮ್ರದ ಒಂದು ಕಣವನ್ನು ಹಿಡಿದುಕೊಂಡ ಪ್ರೋಟೀನಿನ ಚೂರು. ನಿನ್ನದು ಮಾಂಸ ಸುಡುವ ಉಪ್ಪು. ನಮ್ಮ ಲ್ಯಾಬಿನದನ್ನೂ ಇನ್ನೂ ಯಾರ ಕಾಲಿಗೂ ಹಚ್ಚಿಲ್ಲ.

ಗುರುವಾರ ಹತ್ತಕ್ಕೆ ಲವೀನಿಯಾ ಬಂದಾಗ ಬಾಗಿಲು ತೆಗೆ. ಅವರ ಕಾರು ಹತ್ತಿ ಆಸ್ಪತ್ರೆಗೆ ಹೋಗು. ಕುರಿ ನೋಡಿಕೊಳ್ಳಲು ಪಕ್ಕದ ಫಾರ್ಮಿನವರಿಗೆ ಹೇಳಿದ್ದೇನೆ. ಕಾಲಿನ ಫೋಟೋ ಕೇಳಿದರೆ ನಾಯಿಯ ಫೋಟೋ ಕಳಿಸಬೇಡ.

ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿದ ಚರ್ಮದ ಜೀವಕೋಶಗಳ ಮೇಲೆ ಗೀರು ಎಳೆಯುವವಳು ನಾನೇ. ಆಮೇಲೆ ನೀಲಿ ಹನಿ ಹಾಕಿ, ಅದು ಎಷ್ಟು ಬೇಗ ಮುಚ್ಚಿಕೊಳ್ಳುತ್ತದೆ ಅಂತ ಅಳೆಯುತ್ತೇನೆ. ಕ್ರಿಸ್‌ಮಸ್ ಊಟಕ್ಕೆ ಬಂದಾಗ "ಎಲ್ಲ ತಾಮ್ರದ ಮಹಿಮೆ" ಅಂತ ನಿನ್ನ ಮುಂದೆ ಜಂಬ ಕೊಚ್ಚಿಕೊಂಡವಳೂ ನಾನೇ. ಇವತ್ತು ಬೆಳಗ್ಗೆ ಗೀರು ಎಳೆಯಲು ಕೈ ಬರಲಿಲ್ಲ.

ಇಷ್ಟು ದಿನ ನಾನು ಮಾಡಿದ ಗಾಯಗಳೆಲ್ಲ ತಟ್ಟೆಯೊಳಗೇ ಇದ್ದವು.

ನಿನ್ನ
ಐಲ್ಸಾ