ಹದಿನೆಂಟರ ಹುಡುಗರಿಗೆ ಮತ್ತೆ ಗವಾಕ್ಷಿ ತೆರೆಯಬೇಡಿ

ರೇಸ್ ಮೈದಾನದ ಪರವಾನಗಿ ಅಧಿಕಾರಿಗಳೇ,

ಬಾಜಿ ಕಟ್ಟುವ ವಯಸ್ಸನ್ನು ಇಪ್ಪತ್ತೊಂದರಿಂದ ಹದಿನೆಂಟಕ್ಕಿಳಿಸಿ ತಾವು ಅವರಿಗೆಂದೇ ‘ಯುವ ಗವಾಕ್ಷಿ’ ಎಂಬ ಬಾಜಿಯ ಕಿಟಕಿ ತೆರೆದಿರಿ. ಆರು ತಿಂಗಳ ಪ್ರಯೋಗ ಮುಗಿದು ಈಗ ಅದು ಮುಚ್ಚಿದೆ. ಸೋಮವಾರದಿಂದ ಕಾಯಂ ಆಗಿ ತೆರೆಯುತ್ತೀರಂತೆ. ತೆರೆಯಬೇಡಿ. ನಾನು ನಿಮ್ಮ ಮೈದಾನದ ಲಾಯದಲ್ಲಿ ಕುದುರೆಗಳ ಮೈ ತಿಕ್ಕುವವನು, ವಯಸ್ಸು ಇಪ್ಪತ್ತು. ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟೆ. ಯಾರೂ ಓಡಿಸಲಿಲ್ಲ, ಕೂತಲ್ಲಿ ಕೂರಲಾರದೆ ನಾನೇ ಎದ್ದುಬಂದೆ. ತಪ್ಪು ಕಂಡರೆ ತಿದ್ದಿಕೊಂಡು ಓದಿ.

ಹದಿನೆಂಟಕ್ಕೆ ಮತ ಹಾಕಬಲ್ಲವನು ಬಾಜಿ ಯಾಕೆ ಕಟ್ಟಬಾರದು ಎಂದು ಪ್ರಕಟಣೆಯಲ್ಲಿ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ಮತ ಹಾಕಿ ಮೋಸಹೋದವನು ಇನ್ನೊಮ್ಮೆ ಹಾಕಲು ವರ್ಷಗಟ್ಟಲೆ ಕಾಯಬೇಕು ಸ್ವಾಮಿ. ನಿಮ್ಮಲ್ಲಿ ಮುಂದಿನ ಓಟ ಅರ್ಧ ಗಂಟೆಗೆ. ಈ ಆಟದಿಂದ ಯುವಜನರಲ್ಲಿ ‘ವಿವೇಚನೆ’ ಬೆಳೆಯುತ್ತದೆ ಎಂದೂ ಬರೆದಿದ್ದೀರಿ. ಕುದುರೆ ಕಂಡರೆ ಕಾಲುನೋವು ಎನ್ನುತ್ತಾರೆ. ಗವಾಕ್ಷಿ ಕಂಡ ಮೇಲೆ ನಮ್ಮ ಬೀದಿಯ ಹುಡುಗರಿಗೆ ಕೈತುರಿಕೆಯೂ ಶುರುವಾಗಿದೆ. ಬೆಳೆದಿರುವುದು ಅದೊಂದೇ.

ಆ ವಿವೇಚನೆಯ ಕತೆ ಕೇಳಿ. ನನ್ನ ತಮ್ಮನಿಗೆ ಹದಿನೆಂಟು. ವೈರಿಂಗ್ ಕೆಲಸ ಕಲಿಯುತ್ತಿದ್ದಾನೆ. ನಮ್ಮ ಮನೆಯಲ್ಲಿ ಹಿಡಿದದ್ದನ್ನು ಬಿಡದವನು ಅವನೊಬ್ಬನೇ. ಕಳೆದ ತಿಂಗಳು ಓಟದ ದಿನ ಬೆಳಿಗ್ಗೆ ನನಗೆ ಊಟದ ಡಬ್ಬಿ ಕೊಡಲು ಲಾಯಕ್ಕೆ ಬಂದ. ಬಿಳಿಗಾಲ ಎಂದರೆ ನಾನು ನೋಡಿಕೊಳ್ಳುವ ಕುದುರೆ.

“ಅಣ್ಣಾ, ಬಿಳಿಗಾಲ ಹೆಂಗೆ ತಿಂತಿದೆ ಇವತ್ತು?”

“ಗೋದಲಿ ನೆಕ್ಕಿ ನೆಕ್ಕಿ ಫಳಫಳ ಮಾಡಿಟ್ಟಿದೆ, ನೋಡು.”

ಸುಳ್ಳಲ್ಲ. ಸುಳ್ಳು ಬಾರದ್ದೇ ನನ್ನ ರೋಗ. ಆದರೆ ಹೊಟ್ಟೆ ಭಾರವಾಗಬಾರದೆಂದು ಓಟದ ದಿನ ಕುದುರೆಗೆ ಹಾಕುವುದೇ ಒಂದು ಹಿಡಿ ಮೇವು. ಅವತ್ತು ಲಾಯದ ಹನ್ನೊಂದು ಗೋದಲಿಗಳೂ ಫಳಫಳ. ಅದು ಹುಮ್ಮಸ್ಸಲ್ಲ, ಹಸಿವು. ಲಾಯದಲ್ಲಿ ಎಲ್ಲರಿಗೂ ಗೊತ್ತಿರುವ ಮಾತಾದ್ದರಿಂದ ಯಾರೂ ಯಾರಿಗೂ ಹೇಳುವುದಿಲ್ಲ. ನಾನೂ ಹೇಳಲಿಲ್ಲ. ಅವನು ಒಳಗಿನ ಸುದ್ದಿ ಸಿಕ್ಕಿತೆಂದು ನೆಟ್ಟಗೆ ಗವಾಕ್ಷಿಗೆ ಹೋಗಿ, ತರಬೇತಿ ಶುಲ್ಕದ ಕೊನೆಯ ಕಂತನ್ನು ಬಿಳಿಗಾಲನ ಮೇಲೆ ಸುರಿದ. ಬಿಳಿಗಾಲ ಕೊನೆಯಿಂದ ಎರಡನೆಯದು.

ನಿನ್ನೆ ಮನೆಯಲ್ಲಿ ಅದು ಬಯಲಾದಾಗ, “ಕಂತು ಕಟ್ಟೋದು ಬಿಟ್ಟು ಕುದುರೆಗೆ ಕಟ್ತೀಯೇನೋ? ಬುದ್ಧಿ ಇಲ್ವಾ?” ಎಂದೆ.

“ಬುದ್ಧಿ ಹೇಳೋಕೆ ನೀನ್ಯಾವ ಮೇಷ್ಟ್ರು? ಸ್ಕೂಲ್ ಬಿಟ್ಟಾಗ ಯಾರನ್ನ ಕೇಳಿದ್ದೆ? ಸೋಮವಾರ ಗವಾಕ್ಷಿ ತೆಗೀಲಿ, ಒಂದೇ ಏಟಿಗೆ ವಾಪಸ್ ತರ್ತೀನಿ.”

“ಇಬ್ರೂ ಬಾಯ್ಮುಚ್ರೋ” ಅಂದಳು ಅಮ್ಮ. ನಾನು ಈ ಅರ್ಜಿ ಬರೆಯಲು ಕೂತೆ. ಶಾಲೆಯ ಮಾತು ನಿಜ.

ದಿನಾ ಕುದುರೆಯ ಬಾಯಿಗೆ ಕೈಹಾಕುವ ನನಗೇ ಯಾವುದು ಗೆಲ್ಲುತ್ತದೆಂದು ತಿಳಿಯದು. ತಮಗೆ ತಿಳಿದೀತೇ? ತಿಳಿದಿದ್ದರೆ ಸಂಬಳಕ್ಕಾಗಿ ಕುರ್ಚಿ ಕಾಯುತ್ತಿರಲಿಲ್ಲ. ಇಪ್ಪತ್ತೊಂದಕ್ಕೆ ಬುದ್ಧಿ ಬಂದೇಬಿಡುತ್ತದೆ ಎನ್ನಲಾರೆ. ನಲವತ್ತು ದಾಟಿದ ದಡ್ಡರ ಸಾಲನ್ನೂ ನೋಡುತ್ತಿದ್ದೇನೆ. ಆದರೆ ನಡುವಿನ ಮೂರು ವರ್ಷದಲ್ಲಿ ಹುಡುಗನೊಬ್ಬ ಕಸುಬು ಕಲಿಯುತ್ತಾನೆ. ಕಸುಬಿದ್ದು ಸೋತವನು ಮರುದಿನ ಕೆಲಸಕ್ಕೆ ಹೋಗುತ್ತಾನೆ. ಇಲ್ಲದೆ ಸೋತವನು ಮತ್ತೆ ನಿಮ್ಮಲ್ಲಿಗೇ ಬರುತ್ತಾನೆ. ನಿಮಗೆ ಬೇಕಾದವನು ಇವನೇ ಏನು?

ವಯಸ್ಸು ಇಪ್ಪತ್ತೊಂದಕ್ಕೇ ಮರಳಲಿ. ಸೋಮವಾರ ಗವಾಕ್ಷಿ ತೆರೆಯಬಾರದು. ತೆರೆದರೆ ಅದರ ಮುಂದೆ ಅಡ್ಡ ನಿಲ್ಲುತ್ತೇನೆ. ಆದರೆ ನನ್ನ ತಮ್ಮ ನನಗಿಂತ ಗಟ್ಟಿ ಆಳು, ತಳ್ಳಿಕೊಂಡು ಹೋಗುತ್ತಾನೆ. ಅದಕ್ಕೇ ಕೇಳುತ್ತಿದ್ದೇನೆ: ಒಳಗಿನಿಂದ ನೀವೇ ಚಿಲಕ ಹಾಕಿ.

ಇಂತಿ,
ತಮ್ಮನನ್ನು ತಡೆದು ನಿಲ್ಲಿಸಲಾರದ ಅಣ್ಣ