ಕೊಂಬು ಮುರಿದ ಬೋರ್ಡು

ಜೂನ್ 3, ಮಂಗಳವಾರ, ಸಂಜೆ

ಆತ್ಮಸಾಕ್ಷಿಯಾಗಿ ಒಪ್ಪಿಕೊಳ್ಳುತ್ತೇನೆ: ಇಂದು ಸರ್ಕಾರಿ ಸ್ವತ್ತನ್ನು ಅಪಹರಿಸಿದೆ. ಸ್ವತ್ತು — ಅರ್ಧ ಇಂಚು ಸೀಮೆಸುಣ್ಣ.

ಅಕ್ಕನ ಹೃದಯದ ಮಾತ್ರೆಗೆಂದು ಆಸ್ಪತ್ರೆಗೆ ಹೋಗಿದ್ದೆ. ಬಾಗಿಲಲ್ಲಿ ಅದೇ ಕರಿ ಬೋರ್ಡು, ಅಂಚಿನಲ್ಲಿ ಸೀಮೆಸುಣ್ಣದ ತುಂಡು: 'ಹೃದಯ ತಜ್ಞರು ತಿಂಗಳ ಮೊದಲ ಬುಧವಾರ ಬರುವರು.' ಮೂರು ತಿಂಗಳಿಂದ ಬಂದಿಲ್ಲ. ನಗರದಲ್ಲಿ ಬೀದಿಗೊಬ್ಬರಂತೆ. ನಮಗೆ ತಿಂಗಳಿಗೊಬ್ಬರು, ಅದೂ ಬೋರ್ಡಿನ ಮೇಲೆ. ಹೃದಯ ತಜ್ಞರು, ಹೃದಯವಂತರಲ್ಲ.

ಕರಡು ತಿದ್ದುವವನ ಕೈ ಸುಮ್ಮನಿರುತ್ತದೆಯೇ? 'ಬ'ಗೆ ದೀರ್ಘ ಕೊಟ್ಟೆ. 'ರು'ವಿನ ಕೊಂಬು ಮುರಿದೆ. 'ವ' ಅಳಿಸಿದೆ.

ಬಾರರು.

ಪ್ರೆಸ್ಸಿನಲ್ಲಿ ಇಪ್ಪತ್ತು ವರ್ಷ, ಇಷ್ಟು ಸತ್ಯವಾದ ತಿದ್ದುಪಡಿ ಮಾಡಿರಲಿಲ್ಲ. ನಾಳೆ ಅಕ್ಕನಿಗೂ ಸಂಜೆತನಕ ಬೆಂಚು ಕಾಯುವುದು ತಪ್ಪಿತು.

ಜೂನ್ 4, ಬುಧ

ಅಕ್ಕ ಹತ್ತಕ್ಕೇ ವಾಪಸ್. ಏದುಸಿರು. ಆದರೂ ಮುಖ ಅರಳಿದೆ.

"ಇವತ್ತು ಬೋರ್ಡು ನಾನೇ ಓದಿದ್ನೋ! ಗಟ್ಟಿಯಾಗಿ. ಬಾ-ರ-ರು! ಇಪ್ಪತ್ತು ಜನ ಕೂತಿದ್ರು, ನಾನು ಹೇಳಿದ್ಮೇಲೆ ಎಲ್ರೂ ಎದ್ದು ಬಸ್ ಹತ್ತಿದ್ರು."

ಐವತ್ತೆರಡಕ್ಕೆ ಅಕ್ಷರ ಕಲಿತವಳು. ಕಲಿಸಿದವನು ನಾನು. ನನ್ನ ಶಿಷ್ಯೆ ಒಂದಕ್ಷರ ತಪ್ಪಿ ಓದುವವಳಲ್ಲ — ಬೇಕಾದರೆ ಬರೆದುಕೊಡುತ್ತೇನೆ.

ಜೂನ್ 5

ಕಾಂಪೌಂಡರ್ ಪ್ರೆಸ್ಸಿಗೆ ಬಂದ, ಆಸ್ಪತ್ರೆಯ ಚೀಟಿ ಅಚ್ಚು ಹಾಕಿಸಲು.

"ನಿನ್ನೆ ಬಂದಿದ್ರು ಕಣ್ರೀ!"

"ಯಾರು?"

"ಹಾರ್ಟ್ ಡಾಕ್ಟ್ರು. ಹನ್ನೊಂದಕ್ಕೆ. ಬೆಂಚಲ್ಲಿ ಒಂದು ನೊಣಾನೂ ಇಲ್ಲ. ಒಂದು ಗಂಟೆ ಕೂತ್ರು. 'ರೋಗಿಗಳೇ ಇಲ್ಲ, ಸುಮ್ನೆ ಅಲೆಸ್ತೀರಲ್ಲ' ಅಂತ ರಿಜಿಸ್ಟರಲ್ಲಿ ಸೊನ್ನೆ ಬರೆದು ಹೊರಟ್ರು."

ಸಂಜೆ ಹೋಗಿ ಬೋರ್ಡನ್ನು ಮೊದಲಿನಂತೆ ಮಾಡಿದೆ. ಮುರಿದ ಕೊಂಬು ಅಂಟಿಸುವುದು ಎಷ್ಟು ಸುಲಭ...

ಜೂನ್ 27

ರೋಗಿಗಳಿಲ್ಲದ ಕಾರಣ ಹೃದಯ ತಜ್ಞರ ಭೇಟಿ ರದ್ದು. ನೋಟೀಸು ನಮ್ಮ ಪ್ರೆಸ್ಸಿಗೇ ಬಂತು. ಕರಡು ನೋಡಿದವನು ನಾನೇ. ಹುಡುಕಿದರೂ ಒಂದು ತಪ್ಪಿಲ್ಲ.

ನಗರಕ್ಕೆ ಬಸ್ಸಿನಲ್ಲಿ ಒಂಬತ್ತು ಗಂಟೆ. ಅಕ್ಕನಿಗೆ ಈಗ ಬಚ್ಚಲಿಗೆ ಒಂಬತ್ತು ಹೆಜ್ಜೆ ಆಗುವುದಿಲ್ಲ. ಕೆಟ್ಟಿರುವುದು ಅವಳ ವಾಲ್ವು. ನಾನು ಅಳಿಸಿದ್ದೂ 'ವ'. ಈ ಶ್ಲೇಷೆಯನ್ನು ನಾನು ಕರೆದಿರಲಿಲ್ಲ. ತಾನಾಗಿ ಬಂತು.

ಜುಲೈ 2, ಬುಧ

ಮಲಗಿದರೆ ಉಸಿರು ಕಟ್ಟುತ್ತದೆ. ದಿಂಬಿಗೆ ಒರಗಿಯೇ ಕೂತಿದ್ದಾಳೆ. ಸುದ್ದಿ ಅವಳಿಗೂ ಮುಟ್ಟಿದೆ.

"ಅವತ್ತು ಡಾಕ್ಟ್ರು ಬಂದಿದ್ರಂತಲ್ಲೋ. ಬೋರ್ಡಲ್ಲಿ 'ಬರುವರು' ಅಂತ್ಲೇ ಇದೆಯಂತೆ. ಪಾಪ, ಅಷ್ಟು ಜನ ನನ್ನ ಮಾತು ಕಟ್ಕೊಂಡು ಹೋದ್ರು... ನಾನು ತಪ್ಪು ಓದಿದ್ನೇನೋ?"

ಫ್ಯಾನು ತಿರುಗುತ್ತಿತ್ತು.

"ಹೂಂ ಅಕ್ಕ," ಎಂದೆ. "ಕೊಂಬು, ದೀರ್ಘ ನಿಂಗಿನ್ನೂ ಗೊಂದಲ."

ದಿಂಬಿನ ಕೆಳಗಿಂದ ಕಾಗುಣಿತದ ಪುಸ್ತಕ ತೆಗೆದು ನನ್ನ ಕೈಗಿಟ್ಟಳು. "ಇನ್ನು ಬೇಡ ಬಿಡು. ನನ್ನಂಥೋರು ಓದಬಾರ್ದು."

ಬರೆದುಕೊಡುತ್ತೇನೆ ಎಂದಿದ್ದೆನಲ್ಲ. ಬರೆಯುತ್ತೇನೆ. ಅಕ್ಕ ಓದಿದ್ದು ಸರಿ. ಬರೆದದ್ದು —