ಸಗೀರಾಳ ಮಣಿಕಟ್ಟಿನ ಗಂಟು

ಮುದ್ದೇಬಿಹಾಳ
೧೯ ಫೆಬ್ರುವರಿ ೧೯೬೧

ಪ್ರೀತಿಯ ಸೊಸೆ ಸಗೀರಾಗೆ,

ನಿನ್ನ ಮಾವ ಬಂದಗಿಸಾಬನ ದುವಾ. ಇಂಡಿ ಊರಲ್ಲಿ ನಿನ್ನ ತವರಿನವರೆಲ್ಲ ಕ್ಷೇಮವೇ? ಕೈಯ ಬಾವು ಇಳಿಯಿತೇ? ಬೆರಳು ಮಡಚಲು ಬರುತ್ತದೆಯೇ? ನೀನು ಹೋಗಿ ಇಪ್ಪತ್ತು ದಿನವಾಯಿತು, ಒಂದು ಕಾರ್ಡೂ ಇಲ್ಲವಲ್ಲ ಎಂದು ಬೇಸರಪಟ್ಟೆ. ಬರೆಯುವುದಕ್ಕೂ ಆ ಕೈಯೇ ಬೇಕೆಂಬುದು ತಡವಾಗಿ ಹೊಳೆಯಿತು.

ನನಗೂ ಈಚೆಗೆ ಬಹಳ ದಣಿವು. ಕೂತರೆ ಏಳಲು ಮನಸ್ಸಾಗುವುದಿಲ್ಲ. ಮೂವತ್ತು ವರ್ಷ ಶಾಲೆಯ ಮಕ್ಕಳಿಗೆ "ಕೈ ಮುಂದ ಮಾಡು" ಅಂದವನು ನಾನು. ನಿನ್ನ ಮಣಿಕಟ್ಟಿನ ಮೇಲೆ ಬೋರೆಹಣ್ಣಿನಷ್ಟು ಗಂಟು ಎದ್ದಾಗಲೂ ಅದನ್ನೇ ಅಂದೆ. ಬಡಿದರೆ ಒಡೆದು ಕರಗುತ್ತದೆ ಎಂದು ನಂಬಿದ್ದೆ. ನೀನು, ಪಾಪ, ಮುಖ ಆಚೆ ತಿರುಗಿಸಿ ಕೈ ಚಾಚಿದೆ. ನಾನು ರೂಲುದೊಣ್ಣೆಯಿಂದ ಹೊಡೆದೆ. ನೀನು "ಸಾಕ್ರಿ ಮಾವಾ" ಎಂದೆ, ಅಷ್ಟೇ. ಗಂಟು ಹೋಗಲಿಲ್ಲ, ಕೈ ಊದಿತು. ಮಗ ಬಾಬುಲಾಲ ನನ್ನ ಮೇಲೆ ಕೂಗಾಡಿ ಮರುದಿನವೇ ನಿನ್ನನ್ನು ತವರಿಗೆ ಕರೆದೊಯ್ದ. ಹೊಡೆದದ್ದು ನಿನ್ನ ಅತ್ತೆ ಬಾನುಬಿಯ ಉಪಾಯವೆಂದು ತಿಳಿದು ನೀನು ಅವಳ ಕಡೆ ನೋಡದೆ ಹೊರಟೆ.

ಸೋಮವಾರ ಬಸ್ಸು ಹಿಡಿದು ಬಾಗೇವಾಡಿಗೆ ಹೋಗಿ ಅಲ್ಲಿನ ಡಾಕ್ಟರರನ್ನು ಕೇಳಿದೆ. "ಅದು ಕೆಟ್ಟ ಗಡ್ಡಿ ಅಲ್ರಿ ಮಾಸ್ತರ. ಕೀಲಿನ ನೀರು ಕೂಡಿರತೈತಿ. ಕೊಯ್ಯೋದು ಬ್ಯಾಡ, ಬಡಿಯೋದಂತೂ ಬ್ಯಾಡೇ ಬ್ಯಾಡ. ಪಟ್ಟಿ ಕಟ್ಟಿ ಕೈಗೆ ಆರಾಮ ಕೊಡಸ್ರಿ. ಎಷ್ಟೋ ಮಂದಿಗೆ ತಾನಾಗೇ ಕರಗತೈತಿ" ಎಂದರು. ನೋವು ತಡೆಯದಿದ್ದರೆ ಸೂಜಿಯಿಂದ ನೀರು ತೆಗೆಯುತ್ತಾರಂತೆ, ಆದರೆ ಮತ್ತೆ ತುಂಬಲೂಬಹುದಂತೆ. ಬಾವು ಇನ್ನೂ ಇದ್ದರೆ ಎಲುಬು ಬಿರಿದಿದೆಯೇ ಎಂದು ಮೊದಲು ತೋರಿಸು. "ಆಕಿ ದಿನಕ್ಕ ಎಷ್ಟು ರೊಟ್ಟಿ ಬಡೀತಾಳ?" ಎಂದೂ ಕೇಳಿದರು. ನನಗೆ ಗೊತ್ತಿರಲಿಲ್ಲ. ಮನೆಗೆ ಬಂದು ಬಾನುಬಿಯನ್ನು ಕೇಳಿದೆ. "ನಲವತ್ತು" ಎಂದಳು. ಈಗ ಜೋಳವನ್ನು ನಾನೇ ಹೊತ್ತು ಹಿಟ್ಟಿನ ಗಿರಣಿಗೆ ಹಾಕಿಸುತ್ತೇನೆ. ಬೀಸುವ ಕಲ್ಲನ್ನು ಹಿತ್ತಲಿಗೆ ಸರಿಸಿದ್ದೇವೆ.

ಅಲ್ಲಾಹ ನಿನ್ನ ಕೈಗೆ ಬಲ ಕೊಡಲಿ. ಪೂರಾ ವಾಸಿಯಾಗುವವರೆಗೆ ಅಲ್ಲೇ ಇರು, ಅವಸರವಿಲ್ಲ. ತಂದೆ ತಾಯಿಗೆ ನನ್ನ ಸಲಾಮು.

ನಿನ್ನ ಮಾವ,
ಬಂದಗಿಸಾಬ

ತಾ.ಕ.: ಟಪಾಲಿನವನು ಚೀಲ ಕಟ್ಟುತ್ತಿದ್ದಾನೆ. ಹೊಡೆಯಲು ನಿನ್ನ ಅತ್ತೆ ಹೇಳಿರಲಿಲ್ಲ. "ಯಾರು ಹೇಳಿದ್ರು ನಿಮಗ?" ಎಂದು ಮಗ ಗದರಿಸಿದಾಗ ಹೆದರಿ ಅವಳ ಹೆಸರು ಹೇಳಿಬಿಟ್ಟೆ. ಬಾನುಬಿ ಬಾಗಿಲಲ್ಲೇ ನಿಂತಿದ್ದಳು, ಅಲ್ಲ ಅನ್ನಲಿಲ್ಲ. ಇಂದು ಬೆಳಿಗ್ಗೆ ಬಾಬುಲಾಲನಿಗೂ ನಿಜ ಹೇಳಿದ್ದೇನೆ. ಕಾರ್ಡು ಬರೆಸಿದರೆ ಅವಳ ಹೆಸರಿಗೆ ಬರೆಸು. ಅವಳಿಗೆ ಓದು ಬಾರದು. ನನ್ನನ್ನು ಏನು ಬೈದಿದ್ದರೂ ನಾನೇ ಓದಿ ಹೇಳುತ್ತೇನೆ.